ಚೀಲದಲ್ಲಿ ಒದ್ದಾಡಿದ ಗೊಬೊ

ಡ್ರೈಕ್ಲೀನಿಂಗ್ ಅಂಗಡಿಯ ಫುಮಿಯೆ ಗಿರಾಕಿಗಳ ಬಟ್ಟೆಚೀಲದಲ್ಲಿ ತನ್ನ ಗೊಬೊನನ್ನು ಅಡಗಿಸಿಕೊಂಡು ಕಳ್ಳಿಯಂತೆ ಹೊರಟಿದ್ದಳು. ಗೊಬೊ ಅವಳ ಸಾಕು ಫೆರೆಟ್. ಮುಂಗುಸಿಯಂಥ ಉದ್ದ ಮೈ, ಕಂದು ಬಣ್ಣ. ಹಾಗಾಗಿ ಪಲ್ಯಕ್ಕೆ ಹಾಕುವ ಗೊಬೊ ಬೇರಿನ ಹೆಸರನ್ನೇ ಇಟ್ಟಿದ್ದಳು. ಎರಡು ವಾರದಿಂದ ಅವನ ಹಿಂಗಾಲುಗಳು ಸೋಲುತ್ತಿದ್ದವು. ಬಾಯಲ್ಲಿ ಜೊಲ್ಲು, ಎಲ್ಲೋ ನೆಟ್ಟ ನೋಟ. ಇವನೂ ಹೋಗಿಬಿಟ್ಟರೆ ಎನ್ನಿಸಿದಾಗಲೆಲ್ಲ ಇಸ್ತ್ರಿ ಹಿಡಿದ ಅವಳ ಕೈ ಹಾಗೇ ನಿಂತುಬಿಡುತ್ತಿತ್ತು.

ಕದ್ದುಮುಚ್ಚಿ ಹೋಗಲು ಕಾರಣ ಎದುರುಬದಿಯ ಪಶುವೈದ್ಯ ನಾಗಾಸೆ. ಅವಳ ನಾಯಿಯನ್ನು ಹದಿನಾರು ವರ್ಷ ನೋಡಿಕೊಂಡವರು, ಅದು ಸತ್ತಾಗ ಅವಳಿಗಿಂತ ಜೋರಾಗಿ ಅತ್ತವರು. ಆದರೆ ಗೊಬೊನನ್ನು ಮಾರು ದೂರದಿಂದಲೇ ನೋಡಿ, "ವಯಸ್ಸಾಯ್ತಲ್ಲ, ಸುಸ್ತು ಅಷ್ಟೆ" ಎಂದು ವಿಟಮಿನ್ ಕೊಟ್ಟು ಕಳಿಸಿದ್ದರು. ಅಂಥವರ ಕಿಟಕಿಯ ಮುಂದೆಯೇ ಬೇರೆ ಡಾಕ್ಟರರ ಬಳಿ ಹೋಗಲು ಅವಳಿಗೆ ಮುಖವಿರಲಿಲ್ಲ.

ಫೋನು ಮಾಡಿದ ಐದು ಆಸ್ಪತ್ರೆಗಳಲ್ಲಿ ಒಂದೇ ಉತ್ತರ: ನಾಯಿ, ಬೆಕ್ಕು ಮಾತ್ರ. ಫೆರೆಟ್ ನೋಡಲು ಒಪ್ಪಿದ ಆರನೆಯದು ತೊಯೊಹಾಶಿಯಲ್ಲಿ, ರೈಲಿನಲ್ಲಿ ಒಂದೂವರೆ ಗಂಟೆ ದೂರ.

ಅಲ್ಲಿನ ಡಾಕ್ಟರ್ ಉಶಿಯೊ ಇನ್ನೂ ಚಿಕ್ಕ ಪ್ರಾಯದ ಹೆಂಗಸು. ಗೊಬೊನ ಕತ್ತಿನ ಹಿಂದಿನ ಚರ್ಮ ಹಿಡಿದು ಮೆಲ್ಲಗೆ ಎತ್ತಿದಳು. ಒದ್ದಾಡುತ್ತಿದ್ದವನು ಥಟ್ಟನೆ ಸುಮ್ಮನಾಗಿ ದೊಡ್ಡದಾಗಿ ಆಕಳಿಸಿದ.

"ಹೀಗೆ ಹಿಡಿದ್ರೆ ಇವರೆಲ್ಲ ಸಾಧು ಆಗ್ಬಿಡ್ತಾರೆ!"

ರಕ್ತ ಪರೀಕ್ಷೆಯಾಯಿತು. ಸಕ್ಕರೆ ತೀರಾ ಇಳಿದಿತ್ತು.

"ಮೇದೋಜೀರಕದಲ್ಲಿ ಗಡ್ಡೆ, ಪೂರ್ತಿ ವಾಸಿ ಆಗಲ್ಲ ಕಣಮ್ಮಾ. ಆದ್ರೆ ಔಷಧಿ ಕೊಟ್ರೆ ಚೆನ್ನಾಗಿ ಓಡಾಡ್ಕೊಂಡಿರ್ತಾನೆ. ಇದ್ದಕ್ಕಿದ್ದಂಗೆ ಬಿದ್ರೆ ಮಾತ್ರ ಇಲ್ಲಿವರೆಗೂ ತರೋಕಾಗಲ್ಲ. ಮನೆ ಹತ್ರ ಯಾರಾದ್ರೂ ಡಾಕ್ಟ್ರು ಇದಾರಾ?"

ಫುಮಿಯೆ ತಲೆ ತಗ್ಗಿಸಿದಳು. "ಇದಾರೆ. ಅವ್ರ ಕಣ್ತಪ್ಪಿಸೇ ಬಂದಿದೀನಿ."

ಉಶಿಯೊ ನಕ್ಕು, ಗೊಬೊ ಬಿದ್ದರೆ ಏನು ಮಾಡಬೇಕೆಂದು ಅದೇ ಡಾಕ್ಟರರಿಗೆ ಒಂದು ಕಾಗದ ಬರೆದುಕೊಟ್ಟಳು.

ಸಂಜೆ ಹಿಂದಿರುಗಿದರೆ ನಾಗಾಸೆ ಬಾಗಿಲಲ್ಲೇ ಕಸ ಗುಡಿಸುತ್ತಿದ್ದರು.

"ಬೆಳಿಗ್ಗೆ ನಿಮ್ಮ ಚೀಲದಲ್ಲಿ ಬಟ್ಟೆ ಬಹಳ ಒದ್ದಾಡ್ತಿತ್ತಪ್ಪ."

ಫುಮಿಯೆಯ ಕಿವಿ ಕೆಂಪಾಯಿತು. ಕಾಗದ ಚಾಚಿದಳು. ನಾಗಾಸೆ ಎರಡು ಸಲ ಓದಿದರು.

"ನನ್ನ ಜೀವಮಾನದಲ್ಲಿ ಒಂದು ಫೆರೆಟ್ಟನ್ನೂ ಮುಟ್ಟಿಲ್ಲ ಫುಮಿಯೆ ಅವ್ರೇ. ಎಲ್ಲಿ ಹಿಡೀಬೇಕು ಅಂತಾನೂ ಗೊತ್ತಿಲ್ಲ. ನಿಮ್ಮೆದುರು ಹೇಳೋಕೆ ನಾಚಿಕೆ ಆಯ್ತು."

"ಎರಡು ವಾರ ಹೋಯ್ತಲ್ಲ ಡಾಕ್ಟ್ರೇ! ಸತ್ತೇಹೋಗಿದ್ರೆ?" ಎಂದಳು ಫುಮಿಯೆ. ಸಿಟ್ಟು ಅವರ ಮೇಲೆಷ್ಟೋ, ಎರಡು ವಾರ ಮುಲಾಜಿಗೆ ಬಿದ್ದು ಸುಮ್ಮನಿದ್ದ ತನ್ನ ಮೇಲೂ ಅಷ್ಟೇ.

ಮುದುಕರು ಪೊರಕೆ ಪಕ್ಕಕ್ಕಿಟ್ಟು ಸೊಂಟ ಬಗ್ಗಿಸಿ ವಂದಿಸಿದರು. "ತಪ್ಪು ನಂದೇ. ಈಗ ತೋರಿಸಿಕೊಡಿ."

ಅವಳು ಅವರ ಬೆರಳುಗಳನ್ನು ಹಿಡಿದು ಗೊಬೊನ ಕತ್ತಿನ ಹಿಂದೆ ಇಟ್ಟಳು. ಅವರು ಮೆಲ್ಲಗೆ ಎತ್ತಿದರು. ಗೊಬೊ ಬಾಯಗಲಿಸಿ ಆಕಳಿಸಿದ. ನಾಗಾಸೆಯೂ ಆಕಳಿಸಿದರು.

"ಆ ಡಾಕ್ಟ್ರಮ್ಮನ ನಂಬರ್ ಕೊಡಿ," ಎಂದರು, ಗೊಬೊನನ್ನು ಇನ್ನೂ ಕೆಳಗಿಳಿಸದೆ. "ಕೇಳೋದು ತುಂಬಾ ಇದೆ."