ಅರ್ಥವಾಗುವುದಿಲ್ಲ ಎಂದ ಗೊಮ್ಮಾರ್

ಗೊಮ್ಮಾರ್ ಸ್ಟೆರ್ಕ್ಸ್ ಆಕಾಶ ನೋಡಿಕೊಂಡೇ ನಡೆಯುತ್ತಿದ್ದರು. ಹೊಸಬರು ಅದನ್ನು ಗರ್ವವೆಂದುಕೊಳ್ಳುತ್ತಿದ್ದರು. ನಾನೂ ಮೊದಮೊದಲು, ಅಬ್ಬಾ, ಈ ಮನುಷ್ಯನಿಗೆ ನೆಲದ ಮೇಲಿನವರು ಕಾಣುವುದೇ ಇಲ್ಲವಲ್ಲ ಎಂದು ಗೊಣಗಿದ್ದುಂಟು. ನಿಜಸಂಗತಿ ಬೇರೆ. ನಮ್ಮ ಹೇಗೆನ್‌ಬೇಕ್ ಊರಿನ ಗಾಜಿನ ಮನೆಗಳಲ್ಲಿ ದ್ರಾಕ್ಷಿ ಬೆಳೆಯುವವರು ತಲೆಯ ಮೇಲೆ ತೂಗುವ ಗೊಂಚಲುಗಳಿಗೆ ಕತ್ತೆತ್ತಿ, ಒತ್ತಾಗಿ ಬೆಳೆದ ಕಾಯಿಗಳನ್ನು ಪುಟ್ಟ ಕತ್ತರಿಯಿಂದ ಬಿಡಿಸುತ್ತ ತಿಂಗಳುಗಟ್ಟಲೆ ನಿಲ್ಲುತ್ತಾರೆ. ಜೀವಮಾನವೆಲ್ಲ ಆ ಕಾಯಕ ಮಾಡಿದ ಕತ್ತು ಮತ್ತೆ ಬಾಗಲು ಒಪ್ಪುವುದಿಲ್ಲ. ಬೇಸಗೆಯಲ್ಲೂ ಬಿಡದ ಕಂದು ಕಾರ್ಡುರಾಯ್ ಕೋಟು, ಅದರ ಎದೆಯ ಮೇಲೆ ಬಣ್ಣಗೆಟ್ಟ ಸಿಂಹದ ಬಿಲ್ಲೆ, ಮತ್ತು ಯಾರು ಹೊಗಳಲಿ, ಯಾರು ಬೈಯಲಿ, ಮೊದಲು ಹೊರಡುವ ಒಂದೇ ಉತ್ತರ: "ಅದೂ ಒಂದು ಮಾತೇ."

ಆದರೆ ಅವರನ್ನು ಪ್ರಸಿದ್ಧರನ್ನಾಗಿ ಮಾಡಿದ ವಾಕ್ಯ ಬೇರೆಯೇ ಇತ್ತು. ಅವರ ಯೌವನದಲ್ಲಿ ಈ ಸೀಮೆಯ ನುಡಿಯಾದ ಫ್ಲೆಮಿಶ್ ಆಡುವ ರೈತ ರಾಜಧಾನಿ ಬ್ರಸೆಲ್ಸಿಗೆ ಹೋದರೆ ಅಲ್ಲಿಯ ಕಚೇರಿ, ನ್ಯಾಯಾಲಯ, ಸಿರಿವಂತರ ಹಜಾರ ಎಲ್ಲವೂ ಫ್ರೆಂಚಿನಲ್ಲೇ ಗದರುತ್ತಿದ್ದವು. ದ್ರಾಕ್ಷಿಯ ಗಾಡಿಯನ್ನು ನಿಲ್ಲಿಸಬಾರದಲ್ಲಿ ನಿಲ್ಲಿಸಿದ ತಪ್ಪಿಗೆ ಗೊಮ್ಮಾರರನ್ನು ಕಟಕಟೆಗೆ ಹತ್ತಿಸಿದರು. ನ್ಯಾಯಾಧೀಶ ಫ್ರೆಂಚಿನಲ್ಲಿ ಏನು ಕೇಳಿದರೂ ಈ ಪುಣ್ಯಾತ್ಮ ಫ್ಲೆಮಿಶ್‌ನಲ್ಲಿ "ನನಗೆ ಅರ್ಥವಾಗೋದಿಲ್ಲ" ಎನ್ನುವುದು! ಅವರನ್ನು ಒಳಗೆ ಹಾಕಿದರು. ಸಂಜೆಯ ಹೊತ್ತಿಗೆ ಊರಿನ ದ್ರಾಕ್ಷಿ ಬೆಳೆಗಾರರೆಲ್ಲ ಖಾಲಿ ಬುಟ್ಟಿ ಹೊತ್ತು ನ್ಯಾಯಾಲಯದ ಮುಂದೆ ಕುಳಿತರು. ಆ ಬೀದಿಯಲ್ಲೇ ಹುಟ್ಟಿದ್ದು ಅವರ ಪಕ್ಷ, ಫ್ಲಾಂಡರ್ಸ್ ನಾಡಕೂಟ.

ನಾಡಕೂಟದ ಭಿತ್ತಿಪತ್ರಗಳಲ್ಲೆಲ್ಲ ಮೇಲ್ಮುಖದ ಗೊಮ್ಮಾರ್. ಕೆಳಗೆ ದಪ್ಪಕ್ಷರದಲ್ಲಿ ಅದೇ ವಾಕ್ಯ. ಪಕ್ಷ ಪುರಸಭೆ ಗೆದ್ದಿತು, ಸಂಸತ್ತಿಗೆ ಹೋಯಿತು, ಮಂತ್ರಿಗಳನ್ನು ಹೆತ್ತಿತು, ಕಾನೂನುಗಳನ್ನು ತಿದ್ದಿಸಿತು. ಶಾಲೆ, ಕಚೇರಿ, ನ್ಯಾಯಪೀಠ ಎಲ್ಲವೂ ಜನರ ನುಡಿಗೆ ಬಂದವು. ಕೇಳಿದ್ದೆಲ್ಲ ಸಿಕ್ಕಿದ ಮೇಲೆ ಪಕ್ಷಕ್ಕೆ ಮೈ ಬಂತು, ಕೆಲಸ ಹೋಯಿತು. ಯಾರನ್ನು ಒಳಗೆ ತರಬೇಕೆಂದು ಹಿರಿಯರು ಹೊಡೆದಾಡಿದ್ದರೆ, ಯಾರನ್ನು ಹೊರಗಿಡಬೇಕೆಂದು ಕಿರಿಯರು ಯೋಚಿಸತೊಡಗಿದರು.

ಆ ದಿನಗಳಲ್ಲೇ ನಾನು, ಕಾಂಗೋದ ಕಾಪಿಂಗಾ, ಗಂಡ ಇಲುಂಗನ ಕೈಹಿಡಿದು ಈ ಊರಿಗೆ ಬಂದದ್ದು. ನನಗೆ ಬರುತ್ತಿದ್ದುದು ನಮ್ಮ ಮನೆಮಾತು ಮತ್ತು ಫ್ರೆಂಚ್. ವರ್ಷ ತುಂಬುವ ಮೊದಲೇ ಇಲುಂಗ ಆಸ್ಪತ್ರೆಯಲ್ಲಿ ತೀರಿಕೊಂಡ. ಆ ಮಧ್ಯಾಹ್ನದೊಳಗೆ ಪುರಸಭೆಯ ಒಪ್ಪಿಗೆ ಸಿಗದಿದ್ದರೆ ಅವನನ್ನು ಎಲ್ಲೋ ದೂರದ ಸಾರ್ವಜನಿಕ ಸ್ಮಶಾನಕ್ಕೆ ಸಾಗಿಸುತ್ತಿದ್ದರು. ನನಗೋ ನಡೆದು ಹೋಗಿ ಕೂರುವಷ್ಟು ಹತ್ತಿರದಲ್ಲಿ ಅವನು ಬೇಕಾಗಿದ್ದ. ಪುರಸಭೆ ಕಚೇರಿಯ ಕಿಟಕಿಯ ಹಿಂದೆ ವಾರ್ಡ್ ಎಂಬ ಹೆಸರಿನ ಗುಮಾಸ್ತ, ನಾಡಕೂಟದ ತರುಣ, ಕುಳಿತಿದ್ದ. ಶಾಲೆಯಲ್ಲಿ ಚೆನ್ನಾಗಿಯೇ ಫ್ರೆಂಚ್ ಕಲಿತವನು. ನಾನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿ, ಭಿತ್ತಿಪತ್ರದ ಆ ವಾಕ್ಯವನ್ನೇ ಹೇಳಿದ: "ನನಗೆ ಅರ್ಥವಾಗೋದಿಲ್ಲ."

ಸಾಲಿನಲ್ಲಿ ನನ್ನ ಹಿಂದೆ ಗೊಮ್ಮಾರ್ ನಿಂತಿದ್ದರು. ತಮ್ಮದೇ ವಾಕ್ಯವನ್ನು ಕಿಟಕಿಯ ಆಚೆಯಿಂದ ಕೇಳಿದ್ದು ಅವರಿಗೆ ಅದೇ ಮೊದಲಿರಬೇಕು. ಅವರು ಪಕ್ಕಕ್ಕೆ ಬಂದು, ಬ್ರಸೆಲ್ಸಿನ ದೊಡ್ಡ ಮನೆಗಳಲ್ಲಿ ಆಡುವಂಥ ಅಚ್ಚ ಫ್ರೆಂಚಿನಲ್ಲಿ ನನಗೆ ಹೇಳಿದರು: "ನಿಧಾನವಾಗಿ ಹೇಳಿ ತಾಯಿ. ನನಗೆ ಅರ್ಥವಾಗುತ್ತೆ."

ಸಾಲಿನಲ್ಲಿದ್ದವರೆಲ್ಲ ನಮ್ಮತ್ತ ತಿರುಗಿದರು. ನಾನು ಹೇಳಿದೆ, ಅವರು ವಾರ್ಡ್‌ನತ್ತ ತಿರುಗಿ, ಆಮೇಲಷ್ಟೇ ನನಗೆ ಅರ್ಥ ತಿಳಿದ ಫ್ಲೆಮಿಶ್‌ನಲ್ಲಿ, "ಇವರ ಯಜಮಾನರು ಹೋಗ್ಬಿಟ್ಟಿದಾರೆ ಕಣೋ. ನಮ್ಮೂರಲ್ಲೇ ಮಣ್ಣು ಮಾಡ್ಬೇಕಂತೆ. ಬರ್ಕೋ," ಎಂದರು.

"ಗೊಮ್ಮಾರಣ್ಣಾ... ನಿಮಗೆ ಫ್ರೆಂಚ್ ಬರುತ್ತಾ?"

"ಮೊದಲಿಂದಲೂ ಬರುತ್ತೆ. ನಮ್ಮಮ್ಮ ಬ್ರಸೆಲ್ಸಲ್ಲಿ ಸಾಹುಕಾರರ ಮನೇಲಿ ಅಡುಗೆಗಿದ್ಲು, ನಾನು ಬೆಳೆದಿದ್ದೇ ಆ ಅಡುಗೆಮನೇಲಿ. ನೀನು ಬರಿ."

ಮರುದಿನ ಇಲುಂಗ ಈ ಊರಿನ ಮಣ್ಣು ಸೇರಿದ. ವಾರ ಕಳೆದು ನಾನು ಗೊಮ್ಮಾರರ ಗಾಜಿನ ಮನೆಗೆ ಹೋಗಿ, ನನಗೆ ಗೊತ್ತಿದ್ದ ಒಳ್ಳೊಳ್ಳೆಯ ಫ್ರೆಂಚ್ ಮಾತುಗಳನ್ನೆಲ್ಲ ಪೋಣಿಸಿ ಕೃತಜ್ಞತೆ ಹೇಳಿದೆ. ಅವರು ಗೊಂಚಲಿನಿಂದ ಕಣ್ಣು ತೆಗೆಯದೆ ಫ್ಲೆಮಿಶ್‌ನಲ್ಲಿ, "ನನಗೆ ಅರ್ಥವಾಗೋದಿಲ್ಲಮ್ಮಾ," ಎಂದರು! ನನಗೆ ರೇಗಿಹೋಯಿತು. ಆಮೇಲೆ ನೋಡುತ್ತೇನೆ, ಮೀಸೆಯಡಿ ನಗುತ್ತಿದ್ದಾರೆ. ನನ್ನನ್ನು ಕೂರಿಸಿ ರೊಟ್ಟಿ, ಮೆತ್ತನೆಯ ಬಿಳಿ ಚೀಸ್, ಕೆಂಪು ಮೂಲಂಗಿ ಮುಂದಿಟ್ಟು, ಒಂದೊಂದನ್ನೂ ಮುಟ್ಟಿ ಹೆಸರು ಹೇಳಿಸಿದರು. ಧನ್ಯವಾದ ಹೇಳುವುದಕ್ಕೆಂದೇ ಒಂದು ಭಾಷೆ ಕಲಿತವಳು ನಾನು.

ಅಷ್ಟರಲ್ಲಿ ಗೊಮ್ಮಾರರಿಗೆ ಫ್ರೆಂಚ್ ಬರುತ್ತದೆಂಬ ಸುದ್ದಿಗೆ ಊರು ಹೊತ್ತಿ ಉರಿಯುತ್ತಿತ್ತು. ಎದುರಾಳಿಗಳು ಹಳೆಯ ಭಿತ್ತಿಪತ್ರಗಳ ಮೇಲೆ 'ಸುಳ್ಳ' ಎಂದು ಗೀಚಿದರು. ಕಾಫಿಮನೆಯ ಮಹಡಿಯಲ್ಲಿ ಪಕ್ಷದ ಸಭೆ ಸೇರಿತು. ಆ ಸಭೆಯ ಕಥೆಯನ್ನು ನನಗೆ ಹೇಳಿದವಳು ಅಂದು ಬಿಯರ್ ಹಂಚುತ್ತಿದ್ದ ಯಜಮಾನಿ. ಅಧ್ಯಕ್ಷ ಅಂಗಲಾಚಿದನಂತೆ: "ಸಂತೇಲಿ ಕಿವಿಗೆ ಬಿದ್ದ ನಾಲ್ಕು ಮಾತು ಅಷ್ಟೇ ಅಂತ ಹೇಳ್ಬಿಡಿ ಗೊಮ್ಮಾರಣ್ಣ. ಚುನಾವಣೆ ಒಂದು ದಾಟಿಬಿಡ್ಲಿ."

"ಅದೂ ಒಂದು ಮಾತೇ. ಆದ್ರೆ ಸುಳ್ಳು ಮಾತು."

"ಹಾಗಾದ್ರೆ ಅವತ್ತು ಕೋರ್ಟಲ್ಲಿ ಹೇಳಿದ್ದೇನು, ವೇದವಾಕ್ಯಾನಾ?"

"ಅದೂ ಸುಳ್ಳೇ ಕಣಪ್ಪ. ನಾನು ಮೇಲೆ ಕೂತವನಿಗೆ ಹೇಳಿದೆ. ನಿಮ್ಮ ಹುಡುಗ ಕೆಳಗೆ ನಿಂತವಳಿಗೆ ಹೇಳಿದ."

ಅವರನ್ನು ಪಕ್ಷದಿಂದ ತೆಗೆದರು, ಚಿತ್ರವನ್ನು ಗೋಡೆಯಿಂದ ಇಳಿಸಿದರು. ಚುನಾವಣೆಯಲ್ಲಿ ನಾಡಕೂಟ ನೆಲಕಚ್ಚಿತು. ಕೋಪಿಷ್ಠರು ಇನ್ನೂ ಗಟ್ಟಿಯಾಗಿ ಕೂಗುವ ಹೊಸ ಪಕ್ಷಕ್ಕೆ ಹೋದರು, ಸಾತ್ವಿಕರು ಮನೆಗೆ ಹೋದರು. ಗೊಮ್ಮಾರ್ ಒಬ್ಬರಿಂದ ಪಕ್ಷ ಮುಳುಗಿತೆನ್ನುವುದು ಅತಿಯಾಯಿತು. ಆದರೆ ಅದರ ಹಾಯಿಯನ್ನು ಎತ್ತಿದ್ದೂ ಅವರ ಮಾತು, ಹರಿದದ್ದೂ ಅವರ ಮಾತು. ಹಳೆಯ ಸಂಗಾತಿಗಳು ದಾರಿಯಲ್ಲಿ ಮುಖ ತಿರುಗಿಸಿದಾಗ ಅವರಿಗೆ ನೋವಾಗುತ್ತಿತ್ತು. ನಾನು ಕಂಡಿದ್ದೇನೆ. ಆದರೂ ನಾಡಕೂಟದ ಆ ಸಿಂಹದ ಬಿಲ್ಲೆಯನ್ನು ಕೋಟಿನಿಂದ ಬಿಚ್ಚಲಿಲ್ಲ.

ನುಡಿಗಾಗಿ ಹೋರಾಡುವವರು ಎಲ್ಲ ನಾಡುಗಳಲ್ಲೂ ಇರುತ್ತಾರೆ; ಹಿಂದೊಮ್ಮೆ ತಾವು ತಲೆತಗ್ಗಿಸಿ ನಿಂತ ಜಾಗದಲ್ಲಿ ಇಂದು ಇನ್ನೊಬ್ಬರು ನಿಂತಿರುವುದನ್ನು ಗುರುತಿಸುವ ಕಣ್ಣು ಮಾತ್ರ ಅವರಲ್ಲಿ ಕೆಲವರಿಗೇ ದಕ್ಕಿರುತ್ತದೆ. ಅಂಥವರು ಪಕ್ಷವನ್ನು ಕಟ್ಟಬಲ್ಲರು, ಉಳಿಸಿಕೊಳ್ಳಲಾರರು. ಚರಿತ್ರೆ ಬರೆಯುವವರು ಬೇಕಾದರೆ ಅದನ್ನು ಸೋಲೆಂದೇ ಬರೆದುಕೊಳ್ಳಲಿ. ನನ್ನ ಇಲುಂಗ ಮಲಗಿರುವುದು ಆ ಸೋಲು ಕೊಟ್ಟ ನೆಲದಲ್ಲಿ.