ಹೊಲಿಗೆಗೆ ಮುನ್ನ

ವಿಭಾಗದ ಮುಖ್ಯಸ್ಥರ ಮಾತು ಕೇಳಿದರೆ ಶಸ್ತ್ರವೈದ್ಯೆಗೆ ಮೈ ಉರಿಯುತ್ತಿತ್ತು. ಅವರು ಚಾಕು ಹಿಡಿಯುವುದು ಬಿಟ್ಟು ವರ್ಷಗಳೇ ಆಗಿದ್ದರೂ ಬಾಯಲ್ಲಿ ಮಾತ್ರ ದಿನಕ್ಕೆ ಹತ್ತು ಆಪರೇಷನ್. ಉತ್ತರನ ಪೌರುಷ ಒಲೆಯ ಮುಂದೆ!

ಈಗ ಅವರ ಕಣ್ಣು ಬಿದ್ದದ್ದು ಹಿಂದಿನ ದಿನ ಹುಟ್ಟಿದ ಹೆಣ್ಣುಮಗುವಿನ ಮೇಲೆ. ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ತೂತಿದ್ದು, ಕರುಳು ಎದೆಗೇರಿ ಶ್ವಾಸಕೋಶ ಬೆಳೆಯಲು ಜಾಗವನ್ನೇ ಕೊಟ್ಟಿರಲಿಲ್ಲ. ಯಂತ್ರ ಉಸಿರಾಡಿಸುತ್ತಿತ್ತು. ಮೈ ಮುಟ್ಟಿದರೆ ಸಾಕು, ತುಟಿ ನೀಲಿಗಟ್ಟುತ್ತಿತ್ತು.

"ನಾಳೆ ಹೊಸ ಥಿಯೇಟರಿನ ಉದ್ಘಾಟನೆ. ಇದೇ ಮೊದಲನೇ ಕೇಸು," ಎಂದರು ಮುಖ್ಯಸ್ಥರು. "ಸಚಿವರೂ ಬರ್ತಾರೆ."

"ತೂತು ಎಲ್ಲೂ ಓಡಿಹೋಗಲ್ಲ ಸರ್. ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿವೆ. ಅವು ಸಡಿಲ ಆಗೋ ಮೊದಲೇ ಕೊಯ್ದರೆ ಮಗು ಉಳಿಯೋದು ಕಷ್ಟ."

"ಒಂದು ತೂತು ಹೊಲಿಯೋಕೆ ಇಷ್ಟು ಮೀನಮೇಷ ಎಣಿಸ್ತೀಯಲ್ಲಮ್ಮ!"

ಅಷ್ಟಕ್ಕೇ ಬಿಡದೆ, ಗಾಲಿಕುರ್ಚಿಯಲ್ಲಿ ಕೂತಿದ್ದ ಬಾಣಂತಿಯ ಬಳಿಗೇ ಹೋಗಿ ಬೆಣ್ಣೆಯಂಥ ದನಿ ತೆಗೆದರು: "ನಾಳೆನೇ ಸರಿಮಾಡಿಬಿಡ್ತೀವಿ ತಾಯಿ."

ಅವಳು ಇಬ್ಬರ ಮುಖವನ್ನೂ ನೋಡಿದಳು. "ಆಪರೇಷನ್ ಮಾಡೋರು ಯಾರು?"

"ನಾಳೆನೇ ಆಗಬೇಕಂದ್ರೆ ಸರ್ರೇ ಮಾಡ್ತಾರೆ," ಎಂದಳು ವೈದ್ಯೆ. "ನಾನಂತೂ ಮಾಡಲ್ಲ."

ಮುಖ್ಯಸ್ಥರ ಮುಖ ಬಿಳಿಚಿಕೊಂಡಿತು. ಕೆಮ್ಮಿದರು, ಕನ್ನಡಕ ಒರೆಸಿದರು. "ಹಾಗೇನಿಲ್ಲ... ಮಗುವಿನ ಹಿತ ಮುಖ್ಯ. ಕಾಯೋಣ."

'ಥೂ, ಇಷ್ಟೇನಾ!' ಎಂದುಕೊಂಡಳು ವೈದ್ಯೆ. ಮರುದಿನ ಮುಖ್ಯಸ್ಥರು ಯಾರದೋ ಬೆನ್ನಿನ ಗಡ್ಡೆ ತೆಗೆದು ಉದ್ಘಾಟನೆಯ ಶಾಸ್ತ್ರ ಮುಗಿಸಿದರು. ಹೊರಗೆ ಚಪ್ಪಾಳೆ ಕೇಳುತ್ತಿರುವಾಗಲೇ ಒಳಗೆ ಮಗು ನೀಲಿಯಾಯಿತು. ವೈದ್ಯೆ, ದಾದಿ ಇಬ್ಬರೂ ತೊಟ್ಟಿಲು ಬಿಟ್ಟು ಕದಲಲಿಲ್ಲ. ಯಂತ್ರದ ಒತ್ತಡ ತುಸು ಹೊಂದಿಸಿ, ಔಷಧಿ ಬದಲಿಸಿ ಸಂಜೆಯವರೆಗೆ ಹೆಣಗಿದ ಮೇಲೆ ಬಣ್ಣ ತಿರುಗಿತು.

ವಾರ ಕಳೆಯುವಷ್ಟರಲ್ಲಿ ರಕ್ತನಾಳಗಳು ಸಡಿಲಗೊಂಡವು. ವೈದ್ಯೆ ಕರುಳನ್ನು ಮೆಲ್ಲಗೆ ಕೆಳಗಿಳಿಸಿದಳು. ತೂತಿನ ಅಂಚುಗಳು ಒಂದಕ್ಕೊಂದು ಎಟುಕಲಿಲ್ಲ, ತೇಪೆಯಿಟ್ಟು ಹೊಲಿದಳು. ಇನ್ನೂ ಹಲವು ದಿನ ಕಾದು ಉಸಿರಿನ ಕೊಳವೆ ತೆಗೆದಾಗ, ಮಗು ಗೊಗ್ಗರು ದನಿಯಲ್ಲಿ ಮೊದಲ ಸಲ ಅತ್ತಿತು. ತಾಯಿ ನಗುತ್ತಲೇ ಬಿಕ್ಕಿದಳು.

ಅಷ್ಟರಲ್ಲಿ ಮುಖ್ಯಸ್ಥರು ಕಿರಿಯ ವೈದ್ಯರ ಹಿಂಡು ಕಟ್ಟಿಕೊಂಡು ಬಂದರು. "ಆತುರ ಬೇಡ ಅಂತ ನಾನು ಅವತ್ತೇ ಹೇಳಿದ್ದೆ!"

ಮೂರೂ ಬಿಟ್ಟವರು ಊರಿಗೆ ದೊಡ್ಡವರು. ವೈದ್ಯೆ ಅತ್ತ ತಿರುಗಿಯೂ ನೋಡಲಿಲ್ಲ. "ಸ್ವಲ್ಪ ಆಚೆ ಹೋಗಿ ಮಾತಾಡ್ಕೊಳ್ಳಿ ಸರ್," ಎಂದು, ಮಗುವಿನ ಎದೆಯ ಮೇಲೆ ಸ್ಟೆಥೊಸ್ಕೋಪ್ ಇಟ್ಟಳು.