ನಾನು ಮುಚ್ಚಿದ ಬಿರುಕು

ತೂತು ಕಂಡರೆ ಮುಚ್ಚದೆ ಬಿಡುವವನಲ್ಲ ನಾನು. ಮೂವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ, ಸುಮ್ಮನಿರುವುದಿಲ್ಲ. ಅಪ್ಪನ ಎಂಬತ್ತನೇ ಹುಟ್ಟುಹಬ್ಬದ ಊಟ ಹಿತ್ತಲಲ್ಲೇ ಆಗಲಿ ಎಂದು ತೀರ್ಮಾನವಾದ ದಿನ, ಮನೆಯ ಹಿಂಗೋಡೆಯ ಬಿರುಕಿನಿಂದ ಕಡಜಗಳು ಹೋಗಿಬರುವುದನ್ನು ಕಂಡೆ. ಇಷ್ಟೇ ತಾನೇ ಅನ್ನಿಸಿತು.

ಚಿಂತೆ ಇದ್ದದ್ದು ತಂಗಿಯದು. ಎರಡು ವರ್ಷದ ಹಿಂದೆ ಒಂದೇ ಒಂದು ಕಡಜ ಕಚ್ಚಿ ಅವಳ ಗಂಟಲು ಊದಿ ಉಸಿರು ಕಟ್ಟಿಹೋಗಿತ್ತು. ಇನ್ನೊಂದು ಸಲ ಕಚ್ಚಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು, ಕಚ್ಚಿದ ಕೂಡಲೇ ಚುಚ್ಚಿಕೊಳ್ಳಲು ಒಂದು ಇಂಜೆಕ್ಷನ್ ಕೊಟ್ಟಿದ್ದರು. ಅದು ಸದಾ ಅವಳ ಕೈಚೀಲದಲ್ಲಿರುತ್ತಿತ್ತು. ಅಂದಿನಿಂದ ಅವಳು ಬಯಲಲ್ಲಿ ಕೂತು ಊಟ ಮಾಡಿದವಳಲ್ಲ.

"ಈ ಸಲ ಬಾ. ಒಂದು ಹುಳ ನಿನ್ನ ಹತ್ರ ಸುಳಿದ್ರೆ ನನ್ನ ಹೆಸರು ಬೇರೆ ಇಟ್ಕೋತೀನಿ" ಎಂದು ಫೋನಿನಲ್ಲಿ ಹೇಳಿದೆ.

ಊಟಕ್ಕೆ ಎರಡು ದಿನ ಮೊದಲು, ಮುಸ್ಸಂಜೆ, ಹುಳಗಳೆಲ್ಲ ಗೂಡು ಸೇರಿದ ಮೇಲೆ ಸಿಮೆಂಟು ಕಲಸಿ ಬಿರುಕಿಗೆ ಮೆತ್ತಿ, ಕರಣೆಯಿಂದ ನುಣ್ಣಗೆ ಎಳೆದೆ. ಪಕ್ಕದ ಮನೆಯ ಮೇಷ್ಟ್ರು ಬೇಲಿಯಾಚೆಯಿಂದ, "ಔಷಧಿ ಹೊಡೀದೆ ಮುಚ್ಚಬಾರ್ದು ಕಣಯ್ಯ. ಅವು ಬೇರೆ ದಾರಿ ಹುಡುಕ್ತವೆ" ಎಂದರು.

"ಪಾಠ ನಿಮ್ದು, ಗೋಡೆ ನಂದು ಮೇಷ್ಟ್ರೇ" ಎಂದೆ. ಅವರು ನಕ್ಕು ಒಳಗೆ ಹೋದರು.

ಮರುದಿನ ಅಮ್ಮ, "ನಡುಕೋಣೆ ಗೋಡೆ ಗುಂಯ್ ಅಂತಿದೆಯಲ್ಲೋ" ಎಂದಳು.

"ಗೋಡೆಯಲ್ಲಮ್ಮ, ನಿನ್ನ ಕಿವಿ."

ನಾನು ಬಿರುಕು ಮುಚ್ಚಿದ ಹಿಂಗೋಡೆಯೇ ಆ ಕೋಣೆಯ ಒಂದು ಬದಿಯ ಗೋಡೆ. ಒಳಗಡೆ ತೇವ ಕಾಣದಿರಲೆಂದು ತೆಳು ಹಲಗೆ ಹೊಡೆದು ತಿಳಿಹಸಿರು ಬಣ್ಣ ಬಳಿದವನೂ ನಾನೇ. ಮನೆಯಲ್ಲಿ ಬೇರೆಲ್ಲೂ ಆ ಬಣ್ಣವಿಲ್ಲ. ಮೂಲೆಯಲ್ಲಿ ಅಂಗೈಯಗಲ ಬಣ್ಣ ಉಬ್ಬಿತ್ತು. ತೇವ ಇರಬೇಕು, ಊಟ ಮುಗಿಯಲಿ ಎಂದುಕೊಂಡೆ.

ಊಟದ ದಿನ ಹಿತ್ತಲಲ್ಲಿ ಒಂದು ಹುಳವಿಲ್ಲ. ತಂಗಿ ಮರದ ಕೆಳಗೆ ಕೂತು ಎರಡನೇ ಸಲ ಬಡಿಸಿಕೊಂಡಳು. ಅವಳು ನಗುವುದನ್ನು ನೋಡಿಯೇ ನನಗೆ ಹೊಟ್ಟೆ ತುಂಬಿತು. ಆಮೇಲೆ ಎಲ್ಲಿಂದಲೋ ಒಂದು ಕಡಜ ಬಂದು ಹಣ್ಣಿನ ರಸದ ಜಗ್ಗಿನ ಅಂಚಿಗೆ ಕೂತಿತು. ಅವಳ ಮುಖ ಬಿಳಿಚಿಕೊಂಡಿತು.

"ನಡುಕೋಣೆಗೆ ಹೋಗು ಪುಟ್ಟಿ. ಕಿಟಕಿ ಮುಚ್ಚಿದೆ. ಮಕ್ಳು ಬಾಗ್ಲು ತೆಗೆದು ಬಿಟ್ಟಾವು, ಚಿಲಕ ಹಾಕ್ಕೋ. ನಾನು ಕರೆಯೋವರೆಗೂ ತೆಗೀಬೇಡ."

ಚಿಕ್ಕಂದಿನಿಂದ ನಾನು ಹೇಳಿದ್ದನ್ನು ಕೇಳಿದವಳು, ಎದ್ದು ಹೋದಳು.

ಕಡಜವನ್ನು ತಟ್ಟೆಯಲ್ಲಿ ಹೊಡೆದು ಕೊಂದೆ. ಎಸೆಯಲು ಎತ್ತಿಕೊಂಡಾಗ ಅದರ ಮೈಮೇಲೆ ಪುಡಿ ಕಂಡಿತು. ಬೆರಳಲ್ಲಿ ತಿಕ್ಕಿ ನೋಡಿದೆ. ಸಿಮೆಂಟಲ್ಲ. ತಿಳಿಹಸಿರು.

ಅವಳ ಕೈಚೀಲ ಕುರ್ಚಿಗೇ ನೇತಾಡುತ್ತಿತ್ತು. ಅದನ್ನು ಎಳೆದುಕೊಂಡು ಓಡಿದೆ.

ಆ ಗುಂಯ್ ಸದ್ದು ಈಗ ಬಾಗಿಲ ಹೊರಗೂ ಕೇಳುತ್ತಿತ್ತು.

"ಪುಟ್ಟಿ, ನಾನು ಕಣೆ. ಕರೀತಾ ಇದ್ದೀನಿ, ತೆಗಿ."

ಒಳಗೆ ಏನೋ ಉರುಳಿ ಬಿತ್ತು. ಚಿಲಕದ ಹತ್ತಿರ ಬೆರಳು ತಡಕಾಡಿದ ಹಾಗಾಯಿತು, ಆಮೇಲೆ ಅದೂ ನಿಂತಿತು. ಭುಜ ಕೊಟ್ಟು ಗುದ್ದಿದೆ, ಮತ್ತೆ ಗುದ್ದಿದೆ. ಬಾಗಿಲು ಅಲುಗಲಿಲ್ಲ. ಆ ಚಿಲಕವನ್ನೂ ನಾನೇ ಕೂರಿಸಿದ್ದೆ, ಯಾರು ಗುದ್ದಿದರೂ ಬಿಡದ ಹಾಗೆ.